ಬೆಟ್ಟದ ಸದ್ದಿಲ್ಲದ ಊರು ಹುಡುಕಿ ಹೊರಟ ಕುಟುಂಬ: ಒಂದು ಪ್ರಕರಣ ಅಧ್ಯಯನ

ಮನೆ ಬದಲಾಯಿಸಲು ಹೊರಟ ಕುಟುಂಬಗಳ ಜೊತೆ ಕೂತು ಯೋಚಿಸುವುದು ನನ್ನ ಕೆಲಸದ ಒಂದು ಭಾಗ. ಇದು ಅಂಥ ಒಂದು ಕುಟುಂಬದ ಕತೆ. ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ ಮತ್ತು ಊರಿನ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಊರುಗಳನ್ನು ನೆತ್ತಿಯೂರು, ಕೆರೆಯೂರು, ಕಣಿವೆಯೂರು ಎಂದು ಕರೆದಿದ್ದೇನೆ. ಅವರು ಮಾಡಿದ ತೀರ್ಮಾನಗಳನ್ನು ಮಾತ್ರ ಇದ್ದ ಹಾಗೇ ಇಟ್ಟಿದ್ದೇನೆ.

ಹಿನ್ನೆಲೆ

ಗಂಡ, ಹೆಂಡತಿ, ಗಂಡನ ತಾಯಿ. ಮನೆಯಲ್ಲಿ ಮೂರೇ ಜನ. ಗಂಡನಿಗೆ ಅರವತ್ತರ ಆಸುಪಾಸು. ದುಡಿದ ವರ್ಷಗಳಲ್ಲಿ ಹೆಚ್ಚಿನವನ್ನು ಯಂತ್ರಗಳ ಪಕ್ಕದಲ್ಲೇ ಕಳೆದವರು, ಈಗ ನಿವೃತ್ತರು. ಹೆಂಡತಿ ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತಾರೆ. ಮನೆ ನಡೆಯುವುದು ಆ ಸಂಪಾದನೆಯಿಂದ. ತಾಯಿಗೆ ಎಂಬತ್ತು ಹತ್ತಿರ. ಶ್ವಾಸಕೋಶದ ಹಳೆಯ ತೊಂದರೆ ಇದೆ, ಇನ್‌ಹೇಲರ್ ಸದಾ ಕೈಯಲ್ಲಿ.

ಅವರು ಇದ್ದದ್ದು ದೊಡ್ಡ ನಗರದಲ್ಲಿ, ಮೇಲ್ಸೇತುವೆಯ ಪಕ್ಕದ ಮನೆಯಲ್ಲಿ. ರಾತ್ರಿಯಿಡೀ ಲಾರಿ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಯುರೋಪಿನ ದೇಶಗಳಿಗಾಗಿ ಒಂದು ಮಾರ್ಗಸೂಚಿ ಕೊಟ್ಟಿತ್ತು: ರಾತ್ರಿ ಹೊತ್ತು ಮನೆಯ ಹೊರಗಿನ ಸದ್ದು ಸರಾಸರಿ 40 ಡೆಸಿಬಲ್ ದಾಟಬಾರದು. ಇವರ ಕಿಟಕಿಯ ಬಳಿ ಅದು ಕನಸಿನ ಮಾತು. ಹೀಗಾಗಿ ಗಂಡ ನಿವೃತ್ತರಾದ ಕೂಡಲೇ ಮನೆಯಲ್ಲಿ ಒಂದೇ ಮಾತು ಶುರುವಾಯಿತು. ಬೆಟ್ಟದ ಮೇಲೆ, ಚಿಕ್ಕ ಊರು, ಸದ್ದಿರಬಾರದು.

ನನ್ನ ಹತ್ತಿರ ಬಂದಾಗ ಅವರ ಕೈಯಲ್ಲಿ ಒಂದು ಹಾಳೆ ಇತ್ತು. ಅದರಲ್ಲಿ ಬೇಕುಗಳ ಪಟ್ಟಿ. ಮೊದಲ ಸಾಲಿನಲ್ಲಿ 'ಶಾಂತಿ' ಅಂತ ಬರೆದು ಅದರ ಕೆಳಗೆ ಎರಡು ಗೆರೆ ಎಳೆದಿದ್ದರು. ಆಸ್ಪತ್ರೆ ಏಳನೇ ಸಾಲಿನಲ್ಲಿತ್ತು. ತಾಯಿಯ ಶ್ವಾಸಕೋಶದ ವಿಷಯ ಪಟ್ಟಿಯಲ್ಲೇ ಇರಲಿಲ್ಲ. ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಯಾವುದು ಈಗ ಕಾಡುತ್ತಿದೆಯೋ ಅದೇ ಪಟ್ಟಿಯ ಮೇಲೆ ಬಂದು ಕೂರುತ್ತದೆ, ಅಲ್ವಾ?

ಮೂರು ಊರುಗಳು

ಅವರು ಆಗಲೇ ಮೂರು ಊರು ಆರಿಸಿಕೊಂಡಿದ್ದರು. ಮೂರನ್ನೂ ಒಂದೊಂದು ಸಲ ಹೋಗಿ ನೋಡಿಯೂ ಬಂದಿದ್ದರು. ಹೋಗಿದ್ದು ಮಾತ್ರ ವರ್ಷದ ಅತ್ಯಂತ ಚೆಂದದ ತಿಂಗಳಲ್ಲಿ.

ಕೆರೆಯೂರಿನಲ್ಲಿ ನೀರಿನ ಸುತ್ತ ಚೆಂದದ ಮನೆಗಳು, ಒಳ್ಳೆಯ ರಸ್ತೆ. ನೆತ್ತಿಯೂರು ಸುಮಾರು 2,100 ಮೀಟರ್ ಎತ್ತರದಲ್ಲಿ, ಬೆಟ್ಟದ ಬೆನ್ನಿನ ಮೇಲೆ ಸಾಲಾಗಿ ಹಬ್ಬಿದ ಊರು. ಎರಡೂ ಕಡೆ ಕಣಿವೆ, ಬೆಳಿಗ್ಗೆ ಎದ್ದರೆ ಕಾಲ ಕೆಳಗೆ ಮೋಡ. ಕಣಿವೆಯೂರು 1,100 ಮೀಟರಿನಲ್ಲಿದೆ. ಒಂದು ಹೊಳೆ, ಹಳೆಯ ಪೇಟೆ, ಒಂದು ಶಾಲೆ. ಫೋಟೋದಲ್ಲಿ ನೋಡಿದರೆ ವಿಶೇಷವೇನೂ ಕಾಣದು. ಅವರ ಮನಸ್ಸಿನಲ್ಲಿ ಕಣಿವೆಯೂರು ಕೊನೆಯ ಸ್ಥಾನದಲ್ಲಿತ್ತು. ಮೂರು ಇರಲಿ ಅಂತ ಸುಮ್ನೆ ಸೇರಿಸಿದ್ದರು.

ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ಊರುಗಳಲ್ಲಿ ಸದ್ದು ಯಾಕಿಲ್ಲ? ಜನ ಚಿಕ್ಕ ಊರು ಅಂದರೆ ಸದ್ದಿರುವುದಿಲ್ಲ ಎಂದುಕೊಳ್ಳುತ್ತಾರೆ. ಆದರೆ ಒಂದು ಊರು ಸದ್ದಿಲ್ಲದೆ ಇರಲು ಏನೋ ಕಾರಣ ಇದ್ದೇ ಇರುತ್ತದೆ. ರಸ್ತೆ ಅಲ್ಲಿಗೇ ಮುಗಿಯುತ್ತಿರಬಹುದು. ದುಡಿಯುವ ವಯಸ್ಸಿನವರು ಬಿಟ್ಟು ಹೋಗಿರಬಹುದು. ಮನೆಗಳಿಗೆ ಒಡೆಯರಿದ್ದೂ ವಾಸಕ್ಕೆ ಯಾರೂ ಇಲ್ಲದಿರಬಹುದು. ಹಾಗೆ ಕಾರಣ ಗೊತ್ತಾದರೆ ಆ ಶಾಂತಿ ಎಷ್ಟು ದಿನ ಬಾಳುತ್ತದೆ, ಅದಕ್ಕೆ ಬದಲಾಗಿ ನಾವು ಏನು ಬಿಡಬೇಕು ಅನ್ನುವುದೂ ಗೊತ್ತಾಗುತ್ತದೆ.

ಕೆರೆಯೂರಿನ ಕಾರಣ ಸುಲಭವಾಗಿ ಸಿಕ್ಕಿತು. ರಜೆಯಿಲ್ಲದ ಕಾಲದಲ್ಲಿ, ವಾರದ ನಡುವೆ ಒಂದು ಸಂಜೆ ಅಲ್ಲಿಗೆ ಹೋಗಿ ದೀಪ ಉರಿಯುವ ಕಿಟಕಿಗಳನ್ನು ಎಣಿಸಿ ಎಂದಿದ್ದೆ. ಅವರು ತಂಗಿದ್ದ ಬೀದಿಯಲ್ಲಿ ಹೆಚ್ಚುಕಡಿಮೆ ಎಲ್ಲ ಮನೆಗಳೂ ಕತ್ತಲು. ಎಲ್ಲ ರಜೆಗೆ ಬಂದು ಹೋಗುವವರ ಮನೆಗಳು. ಊರು ಮೌನವಾಗಿರಲಿಲ್ಲ, ಖಾಲಿಯಾಗಿತ್ತು. ರಜೆ ಬಂದರೆ ಅದೇ ಬೀದಿಯಲ್ಲಿ ನಿಲ್ಲಲು ಜಾಗ ಇರುವುದಿಲ್ಲ ಎಂದು ಅಲ್ಲಿನ ಕಾವಲುಗಾರ ಹೇಳಿದನಂತೆ. ಇದು ಈ ಒಂದು ಊರಿನ ಕತೆಯಲ್ಲ. ಸ್ವಿಟ್ಜರ್ಲೆಂಡಿನ ಬೆಟ್ಟದ ಹಳ್ಳಿಗಳಲ್ಲಿ ಹೀಗೆ ಖಾಲಿ ಮನೆಗಳು ಹೆಚ್ಚಿ, 2012ರಲ್ಲಿ ಜನಮತ ನಡೆದು, ಯಾವುದೇ ಊರಿನಲ್ಲಿ ಎರಡನೇ ಮನೆಗಳು 20% ದಾಟಬಾರದು ಎಂದು ತೀರ್ಮಾನ ಆಯಿತು. ಕೆರೆಯೂರು ಪಟ್ಟಿಯಿಂದ ಹೊರಗೆ ಹೋಯಿತು. ಯಾರೂ ಬೇಸರ ಮಾಡಿಕೊಳ್ಳಲಿಲ್ಲ.

ಕೊಳ್ಳುವುದೋ, ಬಾಡಿಗೆಯೋ

ಮೊದಲ ಮುಖ್ಯ ತಿರುವು ಬಂದದ್ದು ಇಲ್ಲಿ. ನೆತ್ತಿಯೂರಿನಲ್ಲಿ ಒಂದು ಮನೆ ಮಾರಾಟಕ್ಕಿತ್ತು. ಗಂಡನಿಗೆ ಅದು ತುಂಬಾ ಹಿಡಿಸಿತ್ತು. ಮುಂಗಡ ಕೊಡಲು ದಿನವೂ ಗೊತ್ತಾಗಿತ್ತು. ಹೆಂಡತಿ ತಡೆದರು. ಅವರ ವಾದ ಸರಳವಾಗಿತ್ತು: "ನಾವು ನೋಡಿದ್ದು ಊರಿನ ಒಳ್ಳೆಯ ಮುಖ. ಕೆಟ್ಟ ಕಾಲದಲ್ಲಿ ಒಂದು ಸಲ ಇದ್ದು ನೋಡೋಣ. ಆಮೇಲೂ ಬೇಕು ಅನ್ನಿಸಿದರೆ ಕೊಳ್ಳೋಣ."

ಮನೆಯನ್ನು ಇನ್ನೊಮ್ಮೆ ನೋಡಲು ನಾನೂ ಹೋಗಿದ್ದೆ. ಕಟ್ಟಡಕ್ಕಿಂತ ಅದು ನಿಂತ ಇಳಿಜಾರು ನನಗೆ ಮುಖ್ಯ. ಹಿಂದಿನ ತಡೆಗೋಡೆ ನಡುವೆ ಉಬ್ಬಿತ್ತು. ಮೇಲಿನ ಮರಗಳಲ್ಲಿ ಹಲವು ಬುಡದಲ್ಲಿ ಬಾಗಿ, ಆಮೇಲೆ ನೆಟ್ಟಗೆ ಬೆಳೆದಿದ್ದವು. ಮಣ್ಣು ನಿಧಾನವಾಗಿ ಕೆಳಗೆ ಸರಿಯುವ ಕಡೆ ಮರಗಳು ಹೀಗೆ ಬೆಳೆಯುವುದುಂಟು. ಇದೊಂದನ್ನೇ ನೋಡಿ ಹೇಳಲಾಗದು, ಹಿಮದ ಭಾರಕ್ಕೂ ಮರ ಹಾಗೆ ಬಾಗುತ್ತದೆ. ಆದರೆ ಮನೆಯೊಳಗಿನ ಎರಡು ಬಾಗಿಲುಗಳ ಮೇಲಂಚನ್ನು ಇತ್ತೀಚೆಗೆ ಕೆತ್ತಿದ್ದರು. ಚೌಕಟ್ಟು ಓರೆಯಾಗಿ ಬಾಗಿಲು ಸಿಕ್ಕಿಕೊಳ್ಳತೊಡಗಿದಾಗ ಮಾಡುವ ಕೆಲಸ ಅದು. ಗೋಡೆಗೆ ಹೊಸ ಬಣ್ಣ ಬೇರೆ. ಮೂರೂ ಸೇರಿದರೆ ಭೂವಿಜ್ಞಾನ ತಿಳಿದವರನ್ನು ಕರೆಸದೆ ಮುಂದೆ ಹೋಗಬಾರದು ಅನ್ನುವಷ್ಟು ಅನುಮಾನ ಬರುತ್ತದೆ.

ಉತ್ತರಾಖಂಡದ ಜೋಶಿಮಠದ ವಿಷಯವನ್ನು ಅವರಿಗೆ ಹೇಳಿದೆ. ಆ ಊರು ಹಳೆಯ ಭೂಕುಸಿತದ ಮಣ್ಣುಕಲ್ಲಿನ ರಾಶಿಯ ಮೇಲೆ ನಿಂತಿದೆ, ಭಾರೀ ಕಟ್ಟಡ ಬೇಡ ಎಂದು 1976ರಲ್ಲೇ ಮಿಶ್ರಾ ಸಮಿತಿ ಎಚ್ಚರಿಸಿತ್ತು. ಊರು ಬೆಳೆಯುತ್ತಲೇ ಹೋಯಿತು. 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟವು, ಜನ ಮನೆ ಬಿಡಬೇಕಾಯಿತು. ಗಂಡ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, ಊರು ಬೇಕು, ಆ ಮನೆ ಬೇಡ ಎಂದರು. ಊರಿನ ಇನ್ನೊಂದು ಕಡೆ, ಗಟ್ಟಿ ಬಂಡೆಯ ಮೇಲಿದ್ದ ಮನೆಯನ್ನು ಬಾಡಿಗೆಗೆ ಹಿಡಿದರು. ಚಳಿಗಾಲ ಶುರುವಾಗುವ ಮುಂಚೆ ಮೂವರೂ ಮೇಲೆ ಹೋದರು.

ನೆತ್ತಿಯೂರಿನಲ್ಲಿ

ಮೊದಲ ವಾರಗಳು ಚೆನ್ನಾಗಿದ್ದವು. ಹೆಂಡತಿಯ ಕೆಲಸಕ್ಕೂ ತೊಂದರೆ ಆಗಲಿಲ್ಲ. ಕರೆಂಟು ಹೋದರೆ ಇರಲಿ ಅಂತ ಬ್ಯಾಟರಿ ಇಟ್ಟುಕೊಂಡಿದ್ದರು, ಅದು ಸಾಕಾಯಿತು. ತೊಂದರೆ ಬಂದದ್ದು ಬೇರೆ ಕಡೆಯಿಂದ.

ತಾಯಿಗೆ ಮೆಟ್ಟಿಲು ಹತ್ತಿದರೆ ಏದುಸಿರು. ರಾತ್ರಿ ದಿಂಬು ಎತ್ತರಿಸಿಕೊಂಡು ಮಲಗತೊಡಗಿದರು. "ನನಗೇನೂ ಆಗಿಲ್ಲ ಕಣೋ, ಚಳಿ ಅಷ್ಟೇ" ಅಂತ ಮಗನಿಗೆ ಹೇಳುತ್ತಿದ್ದರು. ಚಳಿಯೂ ಇತ್ತು. ಸಾವಿರ ಮೀಟರ್ ಮೇಲೆ ಹೋದರೆ ಉಷ್ಣತೆ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಆದರೆ ಮುಖ್ಯ ಕಾರಣ ಗಾಳಿಯ ಒತ್ತಡ. 2,100 ಮೀಟರಿನಲ್ಲಿ ಅದು ಸಮುದ್ರಮಟ್ಟದ ಒತ್ತಡದ ಸುಮಾರು 78% ಮಾತ್ರ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಷ್ಟೇ ಇದ್ದರೂ, ಒಂದು ಉಸಿರಿಗೆ ಸಿಗುವುದು ಅಷ್ಟು ಕಡಿಮೆ. ಆರೋಗ್ಯವಂತರಿಗೆ ಈ ಎತ್ತರ ದೊಡ್ಡ ವಿಷಯವಲ್ಲ, ಮೈ ಹೊಂದಿಕೊಳ್ಳುತ್ತದೆ. ಶ್ವಾಸಕೋಶ ಮೊದಲೇ ಸೋತಿದ್ದರೆ ಲೆಕ್ಕ ಬೇರೆ. ವಿಮಾನದೊಳಗಿನ ಒತ್ತಡವನ್ನು ಹೆಚ್ಚೆಂದರೆ 2,400 ಮೀಟರ್ ಎತ್ತರಕ್ಕೆ ಸಮನಾಗಿ ಇಟ್ಟಿರುತ್ತಾರೆ. ಅಂಥ ರೋಗಿಗಳು ವಿಮಾನ ಹತ್ತುವ ಮುಂಚೆ ವೈದ್ಯರು ಪರೀಕ್ಷೆ ಮಾಡುವುದು ಅದಕ್ಕೇ. ವಿಮಾನವಾದರೆ ಕೆಲವು ಗಂಟೆ. ಇಲ್ಲಿ ಹಗಲೂ ರಾತ್ರಿ.

ಎರಡನೇ ವಿಷಯ ಯಾರೂ ಎಣಿಸದ್ದು. ಗಂಡನ ಕಿವಿ.

ಯಂತ್ರಗಳ ಪಕ್ಕ ಕೆಲಸ ಮಾಡಿದವರಿಗೆ ಕಿವಿ ಮಂದವಾಗುವುದು ಮಾಮೂಲು. ಅದರ ಜೊತೆ ಕೆಲವರಿಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು ಉಳಿದುಬಿಡುತ್ತದೆ. ವೈದ್ಯರು ಅದನ್ನು ಟಿನ್ನಿಟಸ್ ಎನ್ನುತ್ತಾರೆ. ಹೊರಗಡೆ ಸದ್ದು ಇರುವುದಿಲ್ಲ, ಕೇಳಿಸುತ್ತದೆ. ಗಂಡನಿಗೆ ಇದು ವರ್ಷಗಳಿಂದ ಇತ್ತು. ಆದರೆ ನಗರದ ಗದ್ದಲದಲ್ಲಿ ಅದು ಮುಚ್ಚಿಹೋಗಿತ್ತು. ನಿದ್ದೆ ಕೆಡಿಸುವುದು ಲಾರಿಗಳೇ ಎಂದು ಅವರು ನಂಬಿದ್ದರು. ಲಾರಿಗಳೂ ಕೆಡಿಸುತ್ತಿದ್ದವು, ಸುಳ್ಳಲ್ಲ.

ನೆತ್ತಿಯೂರಿನ ಚಳಿಗಾಲದ ರಾತ್ರಿಯಲ್ಲಿ ಎಲೆ ಅಲ್ಲಾಡಿದ ಸದ್ದೂ ಇರಲಿಲ್ಲ. ಈಗ ಅವರಿಗೆ ಕೇಳುತ್ತಿದ್ದದ್ದು ಅದೊಂದೇ ಗುಂಯ್. ಎಷ್ಟೋ ವರ್ಷ ಬಯಸಿದ ಮೌನ ಸಿಕ್ಕಿದ ಮೇಲೆ ನಿದ್ದೆ ಮೊದಲಿಗಿಂತ ಕೆಟ್ಟಿತು. ಇದನ್ನು ಹೆಂಡತಿಗೂ ಕೆಲವು ವಾರ ಹೇಳಲಿಲ್ಲ. ಊರು ತಾನೇ ಆರಿಸಿದ್ದು, ಹೇಳುವುದು ಹೇಗೆ ಅನ್ನುವ ಸಂಕೋಚ. ಕೊನೆಗೆ ರಾತ್ರಿ ಎರಡು ಗಂಟೆಗೆ ಅಡುಗೆಮನೆಯ ಫ್ಯಾನ್ ಹಾಕಿಕೊಂಡು ಕೂತಿದ್ದನ್ನು ಅವರೇ ನೋಡಿದರು. ಆ ಚಳಿಯಲ್ಲಿ ಫ್ಯಾನ್ ಯಾಕೆ ಎಂದು ಕೇಳಿದಾಗ ವಿಷಯ ಹೊರಗೆ ಬಂತು.

ಕಿವಿಯ ವೈದ್ಯರು ಫೋನಿನಲ್ಲಿ ಹೇಳಿದ್ದು ಸ್ಪಷ್ಟವಾಗಿತ್ತು. ಟಿನ್ನಿಟಸ್ ಇದ್ದವರಿಗೆ ಪೂರ್ತಿ ಮೌನ ಒಳ್ಳೆಯದಲ್ಲ. ಸುತ್ತಮುತ್ತ ಏನೂ ಕೇಳದಿದ್ದಾಗ ಒಳಗಿನ ಸದ್ದಿನ ಮೇಲೇ ಗಮನ ನಿಲ್ಲುತ್ತದೆ. ಹಿನ್ನೆಲೆಯಲ್ಲಿ ಮೆಲ್ಲನೆಯ, ಏರಿಳಿತವಿಲ್ಲದ ಸದ್ದು ಇರಬೇಕು. ಫ್ಯಾನ್ ಆಗಬಹುದು, ಮಳೆ, ಹರಿಯುವ ನೀರು ಆಗಬಹುದು.

ನನ್ನ ದೃಷ್ಟಿಯಲ್ಲಿ ಇಡೀ ಪ್ರಕರಣದ ತಿರುವು ಇದೇ. ಪಟ್ಟಿಯ ಮೊದಲ ಸಾಲಿನಲ್ಲಿ ಎರಡು ಗೆರೆ ಎಳೆದು ಬರೆದಿದ್ದು ಅವರಿಗೆ ಬೇಕಿದ್ದದ್ದೇ ಅಲ್ಲ. ಬೇಕಿದ್ದದ್ದು ಕಿರಿಕಿರಿಯ ಸದ್ದಿನಿಂದ ಬಿಡುಗಡೆ. ಸದ್ದೇ ಇಲ್ಲದಿರುವುದು ಬೇರೆ ಸಂಗತಿ. ಮೇಲ್ಸೇತುವೆ ಪಕ್ಕ ಕೂತು ಈ ವ್ಯತ್ಯಾಸ ತಿಳಿಯಲು ಸಾಧ್ಯವೇ ಇರಲಿಲ್ಲ. ಅದಕ್ಕೆ ಅಲ್ಲಿ ಹೋಗಿ ಮಲಗಲೇಬೇಕಿತ್ತು.

ಈ ನಡುವೆ ಊರು ಖಾಲಿಯಾಗುತ್ತಾ ಬಂತು. ಒಂದು ದಿನ ಅಂಗಡಿಯಾತ ಬೀಗ ಹಾಕುತ್ತಾ, "ಚಳಿಗಾಲ ಮುಗಿಯೋ ತನಕ ನಾವೂ ಕೆಳಗೇ ಇರ್ತೀವಿ ಸಾರ್, ನೀವು ಹೋಗಲ್ವಾ?" ಅಂತ ಕೇಳಿದ. ಅದು ನೆತ್ತಿಯೂರು ಸದ್ದಿಲ್ಲದೆ ಇರಲು ಕಾರಣ. ಅಲ್ಲಿ ಹುಟ್ಟಿದವರೇ ಆ ತಿಂಗಳುಗಳಲ್ಲಿ ಅಲ್ಲಿರುವುದಿಲ್ಲ.

ರಸ್ತೆ

ಆ ಊರಿಗೆ ಇದ್ದದ್ದು ಒಂದೇ ರಸ್ತೆ. ಚಳಿಗಾಲದ ನಡುವೆ ಒಂದು ಸಲ ಕಾಲವಲ್ಲದ ಮಳೆ ಬಂದು ಗುಡ್ಡ ಜರಿದು, ರಸ್ತೆ ಎರಡು ದಿನ ಮುಚ್ಚಿತ್ತು. ಮನೆಯಲ್ಲಿ ಸಾಮಾನು ಇತ್ತು, ಔಷಧಿ ಇತ್ತು, ಏನೂ ಅನ್ನಿಸಲಿಲ್ಲ. ರಸ್ತೆ ತೆರೆದ ಮರುದಿನ ಸಂಜೆ ತಾಯಿಯ ಮಾತು ತೊದಲಿತು. ಬಾಯಿಯ ಒಂದು ಕಡೆ ಜೋತಿತು, ಕೈಯಿಂದ ಲೋಟ ಜಾರಿತು.

ಇವು ಪಾರ್ಶ್ವವಾಯುವಿನ ಲಕ್ಷಣಗಳು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದ್ದರೆ ಅದನ್ನು ಕರಗಿಸುವ ಔಷಧಿಯನ್ನು ಸಾಮಾನ್ಯವಾಗಿ ಲಕ್ಷಣ ಕಂಡ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೂ ಮುಂಚೆ ಸ್ಕ್ಯಾನ್ ಮಾಡಿ ರಕ್ತಸ್ರಾವ ಇಲ್ಲ ಎಂದು ಖಚಿತ ಮಾಡಿಕೊಳ್ಳಬೇಕು. ಅಂದರೆ ಸ್ಕ್ಯಾನ್ ಯಂತ್ರ ಇರುವ ಆಸ್ಪತ್ರೆಗೇ ಹೋಗಬೇಕು. ಊರಿನ ಚಿಕಿತ್ಸಾಲಯ ಇದಕ್ಕೆ ಸಾಲದು, ಅದೂ ಆಗ ಬೀಗ ಹಾಕಿತ್ತು.

ಆಸ್ಪತ್ರೆ ಒಂದೂವರೆ ಗಂಟೆ ದೂರ ಎಂದು ಅವರ ಹಾಳೆಯಲ್ಲಿ ಬರೆದಿತ್ತು. ಅದು ಹಗಲಿನ, ಒಳ್ಳೆಯ ಹವೆಯ, ಸ್ವಂತ ವಾಹನದ ಲೆಕ್ಕ. ಆಂಬುಲೆನ್ಸ್ ಇರುವುದು ಕೆಳಗೆ. ಅದು ಮೊದಲು ಹತ್ತಿ ಬರಬೇಕು, ಆಮೇಲೆ ಇಳಿಯಬೇಕು. ಬೆಟ್ಟದ ಊರಿನಲ್ಲಿ ತುರ್ತಿನ ದಾರಿಯನ್ನು ಎರಡು ಸಲ ಎಣಿಸಬೇಕು ಅನ್ನುವುದು ಎಷ್ಟೋ ಜನರಿಗೆ ಹೊಳೆಯುವುದಿಲ್ಲ. ಚಳಿಗಾಲಕ್ಕೂ ಅಲ್ಲೇ ಉಳಿದಿದ್ದ ನೆರೆಯವರೊಬ್ಬರು ತಮ್ಮ ಗಾಡಿಯಲ್ಲಿ ಕರೆದುಕೊಂಡು ಹೊರಟರು. ದಾರಿಯುದ್ದಕ್ಕೂ ಮಂಜು. ಆಸ್ಪತ್ರೆ ತಲುಪುವಾಗ ಮೂರು ಗಂಟೆ ಆಗಿತ್ತು.

ಅಷ್ಟರಲ್ಲಿ ತಾಯಿಯ ಮಾತು ಸರಿಯಾಗಿತ್ತು, ಕೈಯೂ ಹಿಡಿತಕ್ಕೆ ಬಂದಿತ್ತು. ರಕ್ತದ ಹರಿವು ಸ್ವಲ್ಪ ಹೊತ್ತು ತಡೆದು ಮತ್ತೆ ತಾನೇ ಸರಿಹೋದ ಪ್ರಸಂಗ ಅದು. ಇಂಥದ್ದು ಮುಂದಿನ ದೊಡ್ಡ ಆಘಾತದ ಮುನ್ಸೂಚನೆ ಆಗಬಹುದು, ಅದಕ್ಕೇ ವೈದ್ಯರು ಹಗುರವಾಗಿ ನೋಡುವುದಿಲ್ಲ. ಔಷಧಿ ಶುರುಮಾಡಿದರು. ಎತ್ತರದಿಂದಲೇ ಹೀಗಾಯಿತು ಎಂದು ಯಾರೂ ಹೇಳಲಿಲ್ಲ, ಅದು ನಗರದಲ್ಲೂ ಆಗಬಹುದಿತ್ತು. ಆದರೆ ಹೆಂಡತಿ ಒಂದು ಮಾತು ಹೇಳಿದರು. "ಅತ್ತೆಗೆ ಇದು ಎರಡು ದಿನ ಮುಂಚೆ ಆಗಿದ್ದರೆ?"

ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರೂ ಹೀಗೇ ಎರಡು ಕಣಿವೆಗಳ ನಡುವಿನ ದಿಣ್ಣೆಯ ಮೇಲಿತ್ತು. ನಿವೃತ್ತರು ಶಾಂತಿ ಹುಡುಕಿ ಹೋಗಿ ನೆಲೆಸಿದ ಊರು. ಹೊರಗೆ ಹೋಗಲು ಇದ್ದ ದಾರಿಗಳು ಬೆರಳೆಣಿಕೆಯವು. 2018ರ ನವೆಂಬರ್ 8ರಂದು ಕಾಡ್ಗಿಚ್ಚು ಬಂದಾಗ ಆ ದಾರಿಗಳಲ್ಲಿ ವಾಹನಗಳು ಸಿಕ್ಕಿಕೊಂಡವು. ಆ ಬೆಂಕಿಯಲ್ಲಿ 85 ಜನ ಸತ್ತರು. ಊರಿಗೆ ವಾಹನ ಬರದಂತೆ ಕಾಪಾಡುವ ರಸ್ತೆಯೇ ಊರಿನಿಂದ ಹೊರಗೆ ಹೋಗುವ ರಸ್ತೆಯೂ ಹೌದು. ಒಂದರ ಲಾಭ ಬೇಕು, ಇನ್ನೊಂದರ ನಷ್ಟ ಬೇಡ ಅಂದರೆ ಆಗದು.

ಅವರು ತಾಯಿಯನ್ನು ಮತ್ತೆ ಮೇಲೆ ಕರೆದುಕೊಂಡು ಹೋಗಲಿಲ್ಲ. ಸಾಮಾನು ತರಲು ಗಂಡ ಒಬ್ಬರೇ ಹೋಗಿ ಬಂದರು.

ಕಣಿವೆಯೂರು

ನಗರಕ್ಕೆ ಹಿಂತಿರುಗುವ ಮಾತೂ ಆಯಿತು. ತಾಯಿಯೇ ಬೇಡ ಎಂದರು. ಮೂರರಲ್ಲಿ ಉಳಿದದ್ದು ಕಣಿವೆಯೂರು. ಈ ಸಲ ಹಾಳೆಯನ್ನು ತಲೆಕೆಳಗು ಮಾಡಿಕೊಂಡು ಹೊರಟರು. ಮೊದಲು ಆಸ್ಪತ್ರೆಗೆ ರಾತ್ರಿ ಹೊತ್ತಿನ ದಾರಿ, ಆಮೇಲೆ ಎತ್ತರ, ಆಮೇಲೆ ಸದ್ದು.

ದಾರಿ ಸುಲಭವಿತ್ತು. ಊರಿನಿಂದ ಹೊರಗೆ ಹೋಗಲು ಎರಡು ರಸ್ತೆ, ಒಂದು ಹೊಳೆಯ ಮೇಲ್ಗಡೆ, ಒಂದು ಕೆಳಗಡೆ. 1,100 ಮೀಟರಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು 88%. ತಾಯಿಯ ವೈದ್ಯರು ಇದಕ್ಕೆ ಒಪ್ಪಿದರು. ವಾರದ ನಡುವೆ ಸಂಜೆ ಕಿಟಕಿಗಳಲ್ಲಿ ದೀಪ ಇತ್ತು. ಶಾಲೆಯಲ್ಲಿ ಮಕ್ಕಳಿದ್ದರು. ಇವರಿಗೆ ಶಾಲೆ ಬೇಕಿಲ್ಲ ನಿಜ. ಆದರೆ ಮಕ್ಕಳಿರುವ ಊರಿನಲ್ಲಿ ದುಡಿಯುವವರು ಇರುತ್ತಾರೆ. ಅವರಿದ್ದರೆ ಔಷಧಿ ಅಂಗಡಿ, ಬಸ್ಸು, ನಲ್ಲಿ ರಿಪೇರಿ ಮಾಡುವವರು ಎಲ್ಲ ಇರುತ್ತಾರೆ. ಶಾಲೆ ಮುಚ್ಚಿದ ಊರಿಗೆ ಹೋಗುವ ವಯಸ್ಸಾದವರಿಗೆ ನಾನು ಎರಡು ಸಲ ಯೋಚಿಸಿ ಎನ್ನುತ್ತೇನೆ.

ತೊಡಕು ಬಂದದ್ದು ಊರಿನ ಒಳಗೆ ಎಲ್ಲಿ ಇರಬೇಕು ಅನ್ನುವುದರಲ್ಲಿ. ಗಂಡನಿಗೆ ಹೊಳೆಯ ದಡದ ಮನೆಯೇ ಬೇಕು. ನೀರಿನ ಸದ್ದು ಔಷಧಿ ಅಂತ ವೈದ್ಯರೇ ಹೇಳಿಯಾಗಿದೆಯಲ್ಲ! ಒಂದು ಮನೆ ಬಾಡಿಗೆಗೂ ಇತ್ತು. ಅಲ್ಲಿ ಕೆಲವು ರಾತ್ರಿ ತಂಗಿದರು. ಕಿವಿಯ ಗುಂಯ್ ನಿಜಕ್ಕೂ ಹಿಂದೆ ಸರಿಯಿತು. ಆದರೆ ಬೇರೆ ಸದ್ದು ಬಂತು. ದೂರದ ಹೆದ್ದಾರಿಯ ವಾಹನಗಳು ಹಗಲಲ್ಲಿ ಕೇಳುತ್ತಿರಲಿಲ್ಲ, ರಾತ್ರಿ ಕೇಳುತ್ತಿದ್ದವು. ಭ್ರಮೆಯೋ ಅಂದುಕೊಂಡರು. ಅಲ್ಲ. ತಿಳಿಯಾದ ರಾತ್ರಿಗಳಲ್ಲಿ ಇಳಿಜಾರಿನ ತಣ್ಣನೆ ಗಾಳಿ ಭಾರವಾಗಿ ಕೆಳಗಿಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ಅದರ ಮೇಲೆ ಬೆಚ್ಚನೆಯ ಪದರ ಕೂರುತ್ತದೆ. ಬೆಚ್ಚನೆ ಗಾಳಿಯಲ್ಲಿ ಸದ್ದಿಗೆ ವೇಗ ಜಾಸ್ತಿ. ಹಾಗಾಗಿ ಮೇಲೆ ಹೋಗಿ ಚದುರಬೇಕಿದ್ದ ಸದ್ದು ಬಾಗಿ ಮತ್ತೆ ನೆಲದ ಕಡೆಗೆ ಬರುತ್ತದೆ. ಕಿಲೋಮೀಟರುಗಳ ಆಚೆಯ ಗಾಡಿಯೂ ಹತ್ತಿರದಲ್ಲಿದ್ದಂತೆ ಕೇಳುತ್ತದೆ. ಮನೆ ನೋಡಲು ಹಗಲಲ್ಲಿ ಹೋದವರಿಗೆ ಇದು ಗೊತ್ತಾಗುವುದೇ ಇಲ್ಲ.

ಅದೇ ತಣ್ಣನೆ ಗಾಳಿ ಹೊಗೆಯನ್ನೂ ಹಿಡಿದಿಡುತ್ತದೆ. ಸೌದೆ ಒಲೆಗಳ ಹೊಗೆ ಬೆಳಗಿನ ತನಕ ಕಣಿವೆಯ ತಳದಲ್ಲೇ ನಿಂತಿತ್ತು. ತಾಯಿ ಕೆಮ್ಮಿದರು. ಎತ್ತರದಲ್ಲಿ ಗಾಳಿ ಸಾಲದು, ತಗ್ಗಿನಲ್ಲಿ ಗಾಳಿ ಕೊಳಕು.

ಮೂರನೆಯದು ಹೊಳೆಯೇ. 2024ರ ಜುಲೈ 30ರ ಬೆಳಗಿನ ಜಾವ ವಯನಾಡಿನಲ್ಲಿ ಬೆಟ್ಟದ ಮೇಲೆ ಕುಸಿದ ಮಣ್ಣು, ಬಂಡೆ, ಮರಗಳು ನೀರಿನ ದಾರಿ ಹಿಡಿದು ಕಿಲೋಮೀಟರುಗಳಷ್ಟು ಕೆಳಗೆ ನುಗ್ಗಿದವು. ಮುಂಡಕ್ಕೈ, ಚೂರಲ್‌ಮಲದಲ್ಲಿ ಹೊಳೆಯಂಚಿನ ಮನೆಗಳು ಕೊಚ್ಚಿಹೋದವು. ಗುಡ್ಡ ನಿಮ್ಮ ಹಿತ್ತಿಲಲ್ಲೇ ಕುಸಿಯಬೇಕಿಲ್ಲ, ಮೇಲೆಲ್ಲೋ ಕುಸಿದರೂ ಹೊಳೆ ಅದನ್ನು ಹೊತ್ತು ತರುತ್ತದೆ. ಕಣಿವೆಯೂರಿನ ದಡದ ಮನೆಯ ಹಿಂದೆ ಗುಂಡಾಗದ, ಚೂಪು ಮೂಲೆಗಳ ದೊಡ್ಡ ಬಂಡೆಗಳು ಬಿದ್ದಿದ್ದವು. ದಿನನಿತ್ಯದ ಹರಿವು ತಂದ ಕಲ್ಲಾದರೆ ಸವೆದು ದುಂಡಗಿರುತ್ತದೆ. ಇವು ಯಾವಾಗಲೋ ಮೇಲಿನಿಂದ ಒಮ್ಮೆಗೇ ನುಗ್ಗಿ ಬಂದವು. ಊರಿನ ಹಿರಿಯರೊಬ್ಬರನ್ನು ಕೇಳಿದೆವು. ಹಳೆಯ ಪೇಟೆಯನ್ನು ಅಷ್ಟು ಮೇಲೆ ಕಟ್ಟಿದ್ದು ಯಾಕೆ ಅಂದುಕೊಂಡಿರಿ ಎಂದು ನಕ್ಕರು.

ಉತ್ತರ ಅಲ್ಲೇ ಸಿಕ್ಕಿತು. ಹಳೆಯ ಪೇಟೆ ಇಳಿಜಾರಿನ ನಡುವಿನ ಒಂದು ಮಟ್ಟಸ ಜಾಗದಲ್ಲಿದೆ. ತಳದ ತಣ್ಣನೆ ಗಾಳಿಯ ಮೇಲೆ, ಹೊಳೆಯ ಹಾದಿಯಿಂದ ದೂರ. ಹೊಗೆ ಅಷ್ಟು ಎತ್ತರಕ್ಕೆ ನಿಲ್ಲುವುದಿಲ್ಲ. ಹೊಳೆಯ ಸದ್ದು ಮೆಲ್ಲಗೆ ಕೇಳುತ್ತದೆ, ಗಂಡನಿಗೆ ಬೇಕಾದಷ್ಟು. ಹೆದ್ದಾರಿ ಕಡೆಗೆ ಅಡ್ಡವಾಗಿ ಒಂದು ಗುಡ್ಡದ ಮೂಗು ಇದೆ. ಹಳಬರು ಇದನ್ನೆಲ್ಲ ಅಳೆದು ಕಟ್ಟಿದ್ದಲ್ಲ. ತಳದಲ್ಲಿ ಕಟ್ಟಿದ್ದು ಉಳಿಯದೆ, ಮೇಲೆ ಕಟ್ಟಿದ್ದು ಉಳಿದಿರಬೇಕು. ಅಲ್ಲೊಂದು ಮನೆ ಹಿಡಿದರು. ಬಾಡಿಗೆಗೇ.

ಎಲ್ಲ ಸರಿಹೋಯಿತು ಅಂತಲ್ಲ. ಎದುರಿನ ಬೆಟ್ಟ ದೊಡ್ಡದು, ಚಳಿಗಾಲದಲ್ಲಿ ಮಧ್ಯಾಹ್ನ ಮೂರಕ್ಕೆಲ್ಲ ಬಿಸಿಲು ಮರೆ. ನಾರ್ವೆಯ ರ್ಯೂಕಾನ್ ಎಂಬ ಕಣಿವೆಯ ಊರಿನಲ್ಲಿ ವರ್ಷದ ಹೆಚ್ಚುಕಡಿಮೆ ಆರು ತಿಂಗಳು ಬಿಸಿಲೇ ಬೀಳುವುದಿಲ್ಲ. 2013ರಲ್ಲಿ ಅವರು ಬೆಟ್ಟದ ಮೇಲೆ ದೊಡ್ಡ ಕನ್ನಡಿಗಳನ್ನು ನಿಲ್ಲಿಸಿ ಊರಿನ ಚೌಕಕ್ಕೆ ಬೆಳಕು ಬೀಳಿಸಿಕೊಂಡರು. ಇಲ್ಲಿ ಅಷ್ಟಿಲ್ಲ. ಆದರೂ ದಿನವಿಡೀ ಕಿಟಕಿ ಪಕ್ಕ ಕೂತು ಕೆಲಸ ಮಾಡುವ ಹೆಂಡತಿಗೆ ಇದು ಹಿಂಸೆ. ನೆತ್ತಿಯೂರಿನ ಬೆಳಕು ನೆನಪಾಗುತ್ತದೆ ಎನ್ನುತ್ತಾರೆ. ಮೂವರಲ್ಲಿ ಈ ಊರಿಗಾಗಿ ಹೆಚ್ಚು ಬಿಟ್ಟುಕೊಟ್ಟವರು ಅವರೇ.

ಇದರಿಂದ ತಿಳಿದದ್ದು

ಕೆಟ್ಟ ಕಾಲದಲ್ಲಿ ಬಾಡಿಗೆಗೆ ಇದ್ದು ನೋಡುವ ಹೆಂಡತಿಯ ತೀರ್ಮಾನ ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಪಾಡಿತು. ನೆತ್ತಿಯೂರಿನ ಮನೆ ಕೊಂಡಿದ್ದರೆ ತಾಯಿಯ ಉಸಿರಾಟ, ಗಂಡನ ಕಿವಿ, ರಸ್ತೆ ಎಲ್ಲವೂ ಆಗುತ್ತಿತ್ತು. ಹೊರಡುವುದು ಮಾತ್ರ ಇಷ್ಟು ಸುಲಭ ಆಗುತ್ತಿರಲಿಲ್ಲ. ಚಿಕ್ಕ ಊರಿನಲ್ಲಿ ಮನೆ ಕೊಳ್ಳುವುದಕ್ಕಿಂತ ಮಾರುವುದು ಕಷ್ಟ, ಕೊಳ್ಳುವವರೇ ಕಡಿಮೆ.

ಅವರ ಪಟ್ಟಿಯಲ್ಲಿ ಇಲ್ಲದ ಎರಡು ವಿಷಯಗಳೇ ಕೊನೆಗೆ ಊರನ್ನು ನಿರ್ಧರಿಸಿದವು. ಎರಡೂ ಊರಿಗೆ ಸೇರಿದ್ದಲ್ಲ, ಮನೆಯವರ ಮೈಗೆ ಸೇರಿದ್ದು. ಈಗ ನಾನು ಇಂಥ ಕುಟುಂಬಗಳಿಗೆ ಮೊದಲು ಕೇಳುವುದು ನಕ್ಷೆಯನ್ನಲ್ಲ, ಔಷಧಿಗಳ ಚೀಟಿಯನ್ನು. ಕೆಲವರಿಗೆ ಇದು ವಿಚಿತ್ರ ಅನ್ನಿಸುತ್ತದೆ, ಇರಲಿ.

ಸದ್ದಿಲ್ಲದಿರುವುದಕ್ಕೆ ಕಾರಣ ಹುಡುಕುವ ಪ್ರಶ್ನೆ ಕೆರೆಯೂರಿಗೂ ನೆತ್ತಿಯೂರಿಗೂ ಉತ್ತರ ಕೊಟ್ಟಿತು. ಕಣಿವೆಯೂರಿಗೂ ಅದನ್ನೇ ಕೇಳಬೇಕು, ಇಷ್ಟವಾದ ಊರು ಅಂತ ಬಿಡುವ ಹಾಗಿಲ್ಲ. ಅಲ್ಲಿ ಶಾಂತಿ ಇರುವುದು, ಹಿಂದೆ ಊರೊಳಗೇ ಹಾದು ಹೋಗುತ್ತಿದ್ದ ದೊಡ್ಡ ರಸ್ತೆಯನ್ನು ಗುಡ್ಡದ ಆಚೆ ಕಡೆಗೆ ತಿರುಗಿಸಿದ್ದರಿಂದ. ಜನ ಉಳಿದರು, ಲಾರಿಗಳು ಹೋದವು. ನಾನು ಕಂಡ ಕಾರಣಗಳಲ್ಲಿ ಇದು ಒಳ್ಳೆಯದು. ಆದರೆ ಹಳೆಯ ರಸ್ತೆಯನ್ನು ಮತ್ತೆ ಅಗಲ ಮಾಡುವ ಪ್ರಸ್ತಾಪ ಈಗ ಬಂದಿದೆ. ಊರಿನಲ್ಲಿ ಅರ್ಧ ಜನಕ್ಕೆ ಅದು ಬೇಕು, ವ್ಯಾಪಾರ ಬರುತ್ತದೆ ಎನ್ನುವುದು ಅವರ ಲೆಕ್ಕ. ಅದು ತಪ್ಪು ಲೆಕ್ಕವೂ ಅಲ್ಲ. ಸಭೆಯಲ್ಲಿ ಗಂಡ ಬಾಯಿ ಬಿಡಲಿಲ್ಲ. ನಿನ್ನೆ ಮೊನ್ನೆ ಬಂದವರು ನಾವು, ಬೇಡ ಎನ್ನಲು ಯಾರು ಎಂದರು. ಹೆಂಡತಿ ಮಾತ್ರ ನಕ್ಷೆಯ ಪ್ರತಿ ಕೇಳಿ ಅರ್ಜಿ ಹಾಕಿದ್ದಾರೆ. ಪೇಟೆಯ ಯಾವ ಅಂಚಿನಲ್ಲಿ ರಸ್ತೆ ಹೋಗುತ್ತದೆ ಎಂದು ತಿಳಿದ ಮೇಲೆ ಮನೆ ಕೊಳ್ಳುವ ಮಾತು. ಅಲ್ಲಿಯ ತನಕ ಬಾಡಿಗೆಯ ಕರಾರನ್ನು ಇನ್ನೊಂದು ವರ್ಷಕ್ಕೆ ಬರೆಸಿಕೊಂಡಿದ್ದಾರೆ.